ಪಂಚರ ಆಸನವೂ ಪರಮೇಶ್ವರನೂ

ನ್ಯಾಯವು ಆಸನದಲ್ಲಿರುವುದೋ, ಆಸನವನ್ನೇರಿದ ಮನುಷ್ಯನಲ್ಲಿರುವುದೋ ಎಂಬ ಪ್ರಶ್ನೆಯು ನಾಲ್ವರು ಕೂಡಿ ಬಾಳತೊಡಗಿದ ಕಾಲದಿಂದಲೂ ಲೋಕವನ್ನು ಕಾಡಿದೆ. ವಿಕ್ರಮಾದಿತ್ಯನ ಸಿಂಹಾಸನವು ಹುದುಗಿದ್ದ ದಿಬ್ಬದ ಮೇಲೆ ಅಟ್ಟಣೆ ಕಟ್ಟಿಕೊಂಡು ಹೊಲ ಕಾಯುತ್ತಿದ್ದ ಬ್ರಾಹ್ಮಣನು, ಮೇಲೇರಿದೊಡನೆ ಉದಾರಿಯೂ ಕೆಳಗಿಳಿದೊಡನೆ ಲೋಭಿಯೂ ಆಗುತ್ತಿದ್ದನೆಂದು ಬತ್ತೀಸ ಪುತ್ತಳಿಯ ಕಥೆಯು ಹೇಳುತ್ತದೆ. ಇದು ಆಸನದ ಪಕ್ಷದ ವಾದ. ಕುರುಸಭೆಯಲ್ಲಾದರೋ, ಭೀಷ್ಮ ದ್ರೋಣರಂಥವರು ಕುಳಿತಿದ್ದ ಆಸನಗಳ ನಡುವೆಯೇ ಕುಲವಧುವೊಬ್ಬಳ ಮಾನಕ್ಕೆ ರಕ್ಷಣೆಯು ದೊರೆಯಲಿಲ್ಲ. ಆಸನವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯವು ಬೇಕಾಗಿಲ್ಲ.

ಈ ಹಳೆಯ ಪ್ರಶ್ನೆಯನ್ನು ಅರಮನೆಯಿಂದ ಇಳಿಸಿ, ಹಳ್ಳಿಯ ಮರದ ನೆರಳಿಗೆ ತಂದು ನಿಲ್ಲಿಸಿದವರು ಹಿಂದೀ ಕಥೆಗಾರರಾದ ಪ್ರೇಮಚಂದರು. ಅವರು ಇದಕ್ಕೆ ಎರಡು ಸಲ ಉತ್ತರವಿತ್ತಿದ್ದಾರೆ: 1916ರಲ್ಲಿ ‘ಪಂಚ ಪರಮೇಶ್ವರ’ವೆಂಬ ಸಣ್ಣ ಕಥೆಯಲ್ಲಿ; 1936ರಲ್ಲಿ ‘ಗೋದಾನ’ವೆಂಬ ಕಾದಂಬರಿಯಲ್ಲಿ. ನಡುವೆ ಇಪ್ಪತ್ತು ವರ್ಷಗಳ ಅಂತರ. ಮೇಲ್ನೋಟಕ್ಕೆ ಎರಡು ಉತ್ತರಗಳೂ ಒಂದಕ್ಕೊಂದು ವಿರುದ್ಧ. ಮೊದಲನೆಯದರಲ್ಲಿ ಪಂಚರ ಬಾಯಲ್ಲಿ ಪರಮೇಶ್ವರನು ನುಡಿಯುತ್ತಾನೆ. ಎರಡನೆಯದರಲ್ಲಿ ಪಂಚರೇ ಬಡವನ ಮನೆಯನ್ನು ಸೂರೆಮಾಡುತ್ತಾರೆ. ಇವೆರಡರಲ್ಲಿ ಯಾವುದು ದಿಟ? ಅಥವಾ ಎರಡೂ ದಿಟವಾಗಿರಲು ಸಾಧ್ಯವೇ?

ಉತ್ತರ ಕೊಟ್ಟವರ ಬಾಳನ್ನು ಮೊದಲು ಸ್ವಲ್ಪ ನೋಡಬೇಕು. ಪ್ರೇಮಚಂದರು 1880ನೆಯ ಇಸವಿ ಜುಲೈ 31ರಂದು ಕಾಶಿಯ ಸಮೀಪದ ಲಮಹಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಧನಪತರಾಯ್. ತಂದೆಗೆ ಅಂಚೆಯ ಇಲಾಖೆಯಲ್ಲಿ ಗುಮಾಸ್ತೆಯ ಕೆಲಸ. ತಾಯಿಯು ಇವರ ಎಳವೆಯಲ್ಲಿಯೇ ಗತಿಸಿದರು. 1899ರಲ್ಲಿ, ಕೈಯಲ್ಲಿ ಕಾಸಿಲ್ಲದೆ ಗಣಿತದ ಪುಸ್ತಕವೊಂದನ್ನು ಮಾರಲು ಅಂಗಡಿಗೆ ಹೋದಾಗ, ಅಲ್ಲಿದ್ದ ಮುಖ್ಯೋಪಾಧ್ಯಾಯರೊಬ್ಬರು ಇವರನ್ನು ಕಂಡು ತಿಂಗಳಿಗೆ 18 ರೂಪಾಯಿ ಸಂಬಳದ ಉಪಾಧ್ಯಾಯ ವೃತ್ತಿಯನ್ನು ಕೊಟ್ಟರು. ಧನಪತಿಯೆಂಬ ಹೆಸರಿನವನ ಧನವು ಅಷ್ಟು! ಮುಂದೆ ಸರ್ಕಾರದ ವಿದ್ಯಾ ಇಲಾಖೆಯನ್ನು ಸೇರಿ, ಪಾಠ ಹೇಳುವವರಾಗಿಯೂ ಶಾಲೆಗಳ ತನಿಖೆದಾರರಾಗಿಯೂ ಸುಮಾರು ಇಪ್ಪತ್ತು ವರ್ಷ ದುಡಿದರು. 1906ರಲ್ಲಿ ಬಾಲವಿಧವೆಯಾಗಿದ್ದ ಶಿವರಾಣೀ ದೇವಿಯವರನ್ನು, ಲೋಕಾಪವಾದಕ್ಕೆ ಅಂಜದೆ, ಕೈಹಿಡಿದರು.

ಮೊದಮೊದಲು ಅವರು ನವಾಬರಾಯ್ ಎಂಬ ಹೆಸರಿನಲ್ಲಿ ಉರ್ದುವಿನಲ್ಲಿ ಬರೆಯುತ್ತಿದ್ದರು. 1908ರಲ್ಲಿ ಹೊರಟ ‘ಸೋಜೇ ವತನ್’ ಎಂಬ ಕಥಾಸಂಗ್ರಹವು ರಾಜದ್ರೋಹವೆಂದು ಆಂಗ್ಲ ಅಧಿಕಾರಿಗೆ ತೋರಿತು. ಉಳಿದಿದ್ದ ಪ್ರತಿಗಳು ಬೆಂಕಿಯ ಪಾಲಾದುವು. ಒಪ್ಪಿಗೆಯಿಲ್ಲದೆ ಬರೆಯಕೂಡದೆಂಬ ಕಟ್ಟಳೆಯೂ ಬಂದಿತು. ಪ್ರೇಮಚಂದ ಎಂಬ ಹೊಸ ಹೆಸರು ಹುಟ್ಟಿದ್ದು ಆ ಬೂದಿಯಿಂದ. ಆಸನದಲ್ಲಿ ಕುಳಿತ ಅಧಿಕಾರವು ಕೇಳುವ ಬಾಯನ್ನು ಹೇಗೆ ಮುಚ್ಚಿಸುವುದೆಂಬುದನ್ನು ಅವರು ಪುಸ್ತಕದಲ್ಲಿ ಓದಿ ಕಲಿತವರಲ್ಲ. 1921ರ ಫೆಬ್ರವರಿಯಲ್ಲಿ ಗೋರಖಪುರದಲ್ಲಿ ಗಾಂಧಿಯವರ ಭಾಷಣವನ್ನು ಕೇಳಿ, ಕೆಲವೇ ದಿನಗಳಲ್ಲಿ ಸರ್ಕಾರದ ಕೆಲಸಕ್ಕೆ ರಾಜೀನಾಮೆಯನ್ನು ಕೊಟ್ಟರು. ಮನೆಯಲ್ಲಿ ಹೆಂಡತಿ ಮಕ್ಕಳು. ಮುಂದಿನ ಅನ್ನಕ್ಕೆ ಭರವಸೆಯಿಲ್ಲ. ಆಸನವು ಮೌನವನ್ನು ಬೆಲೆಯಾಗಿ ಕೇಳಿದಾಗ ಅದರಿಂದ ಇಳಿದು ಹೋಗುವುದೂ ಒಂದು ತೀರ್ಪೇ.

ಇನ್ನು ಮೊದಲನೆಯ ಕಥೆ. ಜುಮ್ಮನ್ ಶೇಖ್, ಅಲಗೂ ಚೌಧರಿ ಇಬ್ಬರೂ ಬಾಲ್ಯದ ಗೆಳೆಯರು. ಜುಮ್ಮನನಿಗೆ ಮಕ್ಕಳಿಲ್ಲದ ಮುದುಕಿ ಚಿಕ್ಕಮ್ಮನೊಬ್ಬಳು. ಸಾಯುವವರೆಗೆ ನೋಡಿಕೊಳ್ಳುವೆನೆಂಬ ಮಾತಿನ ಮೇಲೆ ಅವಳ ಆಸ್ತಿಯನ್ನು ಅವನು ಬರೆಸಿಕೊಂಡನು. ದಾನಪತ್ರವು ನೋಂದಣಿಯಾಗುವವರೆಗೆ ಉಪಚಾರ. ಆದ ಮೇಲೆ ರೊಟ್ಟಿಯೊಡನೆ ಬೈಗುಳವೇ ಪಲ್ಯ. ಮುದುಕಿಯು ಕೋಲೂರಿಕೊಂಡು, ಬಾಗಿದ ಬೆನ್ನಿನಿಂದ ಮನೆಮನೆಗೆ ಹೋಗಿ ತನ್ನ ದುಃಖವನ್ನು ಹೇಳಿಕೊಂಡಳು. ಕೆಲವರು ಕನಿಕರಿಸಿದರು, ಕೆಲವರು ನಕ್ಕರು. ಕಡೆಗೆ ಅಲಗೂವಿನ ಬಾಗಿಲಿಗೆ ಬಂದಾಗ ಅವನು, ಜುಮ್ಮನನು ತನ್ನ ಸ್ನೇಹಿತನೆಂದು ಹಿಂಜರಿದನು. ಸ್ನೇಹ ಕೆಡುವುದೆಂಬ ಅಂಜಿಕೆಗಾಗಿ ಧರ್ಮದ ಮಾತನ್ನು ಆಡದಿರುವೆಯಾ ಎಂಬ ಭಾವದಲ್ಲಿ ಅವಳು ಕೇಳಿದ ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯು ಮಾತ್ರ ಅವನ ಎದೆಯಲ್ಲಿ ಉಳಿಯಿತು. ಪಂಚಾಯಿತಿಯು ಸೇರಿದಾಗ ಮುದುಕಿಯು ಅಲಗೂವನ್ನೇ ಪಂಚನನ್ನಾಗಿ ಹೆಸರಿಸಿದಳು. ಜುಮ್ಮನನು ಒಳಗೊಳಗೇ ಹಿಗ್ಗಿದನು. ತೀರ್ಪು ಬೇರೆಯಾಯಿತು: ಚಿಕ್ಕಮ್ಮನಿಗೆ ತಿಂಗಳ ಖರ್ಚನ್ನು ಕೊಡಬೇಕು, ಇಲ್ಲವಾದರೆ ದಾನಪತ್ರವು ರದ್ದು.

ಆ ದಿನವೇ ಸ್ನೇಹದ ಬೇರು ಕಿತ್ತುಹೋಯಿತು. ಕೆಲಕಾಲದ ಮೇಲೆ ಅಲಗೂವಿನ ಜೋಡಿಯೆತ್ತುಗಳಲ್ಲಿ ಒಂದು ಸತ್ತಿತು. ಉಳಿದುದನ್ನು ಸಮಝೂ ಸಾಹುವೆಂಬ ವರ್ತಕನಿಗೆ 150 ರೂಪಾಯಿಗೆ, ತಿಂಗಳ ವಾಯಿದೆಯ ಮೇಲೆ, ಮಾರಿದನು. ಸಾಹುವು ಅದಕ್ಕೆ ಸರಿಯಾಗಿ ಮೇವನ್ನೂ ನೀರನ್ನೂ ಕೊಡದೆ ಗಾಡಿಯನ್ನೆಳೆಸಿ ಎಳೆಸಿ ದಾರಿಯಲ್ಲಿಯೇ ಕೊಂದನು. ಹಣ ಕೇಳಿದರೆ ಜಗಳಕ್ಕೆ ನಿಂತನು. ಮತ್ತೆ ಪಂಚಾಯಿತಿ. ಸಾಹುವು ಜುಮ್ಮನನೇ ಪಂಚನಾಗಲೆಂದನು. ಹಗೆ ತೀರಿಸಿಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಸಮಯವೆಲ್ಲಿ? ಆದರೆ ಆಸನದಲ್ಲಿ ಕುಳಿತ ಕ್ಷಣ ಜುಮ್ಮನನಿಗೆ ತನ್ನ ನಾಲಗೆಯು ತನ್ನದಲ್ಲವೆಂದು ಹೊಳೆಯಿತು. ಸಾಹುವು ಪೂರ್ತಿ ಬೆಲೆಯನ್ನು ಕೊಡಬೇಕೆಂದು ತೀರ್ಪಿತ್ತನು. ಗೆಳೆಯರಿಬ್ಬರೂ ಅಪ್ಪಿಕೊಂಡು ಅತ್ತರು.

ಕಾಶಿಯ ಕಡೆಯ ಈ ಹಳ್ಳಿಯ ಕಥೆಯಿಂದ ಕನ್ನಡ ನಾಡಿನ ಮನೆಗಳಿಗೇನು ಎಂದು ವಾಚಕರು ಕೇಳಬಹುದು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಪೀಣ್ಯವನ್ನು ದಾಟಿ ನೆಲಮಂಗಲವನ್ನು ಮುಟ್ಟುವ ಮೊದಲು, ಮಾದನಾಯಕನಹಳ್ಳಿಯಿದೆ. ರಾಗಿ ಅವರೆ ಬೆಳೆಯುತ್ತಿದ್ದ ಆ ಸೀಮೆಯ ನೆಲವನ್ನು ಇಂದು ಅಡಿಯ ಲೆಕ್ಕದಲ್ಲಿ ಅಳೆಯುತ್ತಾರೆ. ಹೊಲವಿದ್ದೆಡೆ ಗೋದಾಮು, ತೋಪಿದ್ದೆಡೆ ಕಾರ್ಖಾನೆ. ಹೊಲವು ಹೊಲವಾಗಿದ್ದಾಗ ಯಾರೂ ಮುದುಕಿಯ ಹೆಬ್ಬೆಟ್ಟಿಗಾಗಿ ಅವಸರಪಡುತ್ತಿರಲಿಲ್ಲ. ನೆಲದ ಬೆಲೆ ಏರಿದ ಕಡೆ ಹೆಬ್ಬೆಟ್ಟಿನ ಬೆಲೆಯೂ ಏರುತ್ತದೆ. ದಾನಪತ್ರವಾದ ಮೇಲೆ ತಾಯಿಯ ತಟ್ಟೆಯು ಅಡಿಗೆಮನೆಯಿಂದ ಜಗಲಿಗೆ ಬರುವುದು ಕಾಶಿಗೆ ಮಾತ್ರ ಸೇರಿದ ಸಂಗತಿಯಲ್ಲ. 2007ರಲ್ಲಿ ಭಾರತದ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಒಂದು ಕಾಯಿದೆಯನ್ನು ಮಾಡಿತು. ಪೋಷಣೆಯ ಷರತ್ತಿನ ಮೇಲೆ ಆಸ್ತಿಯನ್ನು ಪಡೆದವನು ಆ ಷರತ್ತಿಗೆ ತಪ್ಪಿದರೆ, ಕೊಟ್ಟವರ ಇಷ್ಟದಂತೆ ಆ ದಾನವನ್ನು ಅಸಿಂಧುವೆಂದು ಸಾರಬಹುದೆಂದು ಅದರ 23ನೆಯ ಕಲಮು ಹೇಳುತ್ತದೆ. ಕರ್ಣಾಟಕದಲ್ಲಿ ಇಂಥ ಅರ್ಜಿಗಳನ್ನು ಉಪವಿಭಾಗಾಧಿಕಾರಿಗಳು ವಿಚಾರಿಸುತ್ತಾರೆ. ಅಲಗೂ ಚೌಧರಿಯು ಮರದ ಕೆಳಗೆ ಕುಳಿತು ಕೊಟ್ಟ ತೀರ್ಪೂ ಇದೇ ತಾನೆ? ಕಥೆಗಾರನು ಕಂಡ ನ್ಯಾಯವನ್ನು ಕಾಯಿದೆಯ ಪುಸ್ತಕವು ತೊಂಬತ್ತೊಂದು ವರ್ಷಗಳ ಮೇಲೆ ಬರೆದುಕೊಂಡಿತು.

ಇದಿಷ್ಟೇ ಆಗಿದ್ದರೆ ಆಸನದ ಪಕ್ಷವು ಗೆದ್ದಂತಾಗುತ್ತಿತ್ತು. ಆದರೆ ಪ್ರೇಮಚಂದರು ಇಪ್ಪತ್ತು ವರ್ಷಗಳ ಬಳಿಕ ‘ಗೋದಾನ’ವನ್ನು ಬರೆದರು. ಬೇಲಾರಿಯೆಂಬ ಹಳ್ಳಿಯ ರೈತ ಹೋರಿ, ಅವನ ಹೆಂಡತಿ ಧನಿಯಾ. ಮನೆಯ ಮುಂದೆ ಒಂದು ಹಸು ಕಟ್ಟಬೇಕೆಂಬುದು ಹೋರಿಯ ಬಾಳಿನ ಆಸೆ. ಇವರ ಮಗ ಗೋಬರನು ಝುನಿಯಾ ಎಂಬ ತರುಣ ವಿಧವೆಯಲ್ಲಿ ಅನುರಕ್ತನಾಗಿ, ಅವಳು ಗರ್ಭಿಣಿಯಾದಾಗ ಅವಳನ್ನು ತನ್ನ ಮನೆಯ ಬಾಗಿಲವರೆಗೆ ತಂದು, ತಾನು ಹೆದರಿ ಓಡಿಹೋದನು. ಧನಿಯಾ ಬಾಯಲ್ಲಿ ಬೈದರೂ ಆ ಹುಡುಗಿಯನ್ನು ಬೀದಿಗೆ ನೂಕಲಾರದೆ ಹೋದಳು. ಎಳೆದು ಹೊರಗೆ ಹಾಕುವೆನೆಂದು ಸಿಟ್ಟಿನಿಂದ ಬಂದ ಹೋರಿಯು, ಅವಳು ಕಾಲಿಗೆ ಬಿದ್ದೊಡನೆ ಕರಗಿ, ಇದು ನಿನ್ನ ಮನೆಯೆಂದು ಅಭಯವಿತ್ತನು.

ಊರಿನ ಪಂಚರು ಕೂಡಿದರು. ಆ ಪಂಚರು ಯಾರು? ಪುರೋಹಿತ ದಾತಾದೀನ, ಬಡ್ಡಿವ್ಯಾಪಾರದ ಝಿಂಗುರೀ ಸಿಂಗ, ಶ್ಯಾನುಭೋಗಿಕೆಯ ಪಟೇಶ್ವರಿ, ಜಮೀನ್ದಾರನ ಪಾರುಪತ್ಯಗಾರ ನೋಖೇರಾಮ. ಹೋರಿಗೆ 100 ರೂಪಾಯಿ ರೊಕ್ಕ, 30 ಮಣ ಧಾನ್ಯ ದಂಡವೆಂದು ಸಾರಿದರು. ಧನಿಯಾ ಸಿಡಿದೆದ್ದಳು: ಅನಾಥೆಗೆ ಆಶ್ರಯವಿತ್ತುದು ಯಾವ ಅಪರಾಧ? ಬಡವನ ಕಣಜವನ್ನು ಬರಿದುಮಾಡುವವರು ಪಂಚರು ಹೇಗಾದಾರು? ಹೋರಿಯಾದರೋ ಪಂಚರಲ್ಲಿ ಪರಮೇಶ್ವರನಿದ್ದಾನೆಂಬ ನಂಬಿಕೆಯಿಂದ ತಲೆಬಾಗಿದನು. ಧಾನ್ಯವನ್ನು ತಾನೇ ಹೊತ್ತು ಹಾಕಿದನು. ರೊಕ್ಕಕ್ಕಾಗಿ ಮನೆಯನ್ನು 80 ರೂಪಾಯಿಗೆ ಅಡವಿಟ್ಟನು. ಅಡವು ಹಿಡಿದವನು ಪಂಚರಲ್ಲಿ ಒಬ್ಬನಾದ ಝಿಂಗುರೀ ಸಿಂಗನೇ! ದಂಡ ಹಾಕುವ ಕೈಯೂ ಸಾಲ ಕೊಡುವ ಕೈಯೂ ಒಂದೇ ಆದಲ್ಲಿ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಇತ್ತ ದಾತಾದೀನನ ಸ್ವಂತ ಮಗ ಮಾತಾದೀನನು ಕೆಳಜಾತಿಯೆನಿಸಿದ ಸಿಲಿಯಾ ಎಂಬವಳನ್ನು ಇರಿಸಿಕೊಂಡು ದುಡಿಸಿಕೊಳ್ಳುತ್ತಿದ್ದನು. ಅದಕ್ಕೆ ಯಾವ ಪಂಚಾಯಿತಿಯೂ ಕೂಡಲಿಲ್ಲ.

ಲೇಖಕರು ಇಪ್ಪತ್ತು ವರ್ಷಗಳಲ್ಲಿ ನಂಬಿಕೆಯನ್ನು ಕಳೆದುಕೊಂಡರು, ಆದರ್ಶವಾದಿಯು ವಾಸ್ತವವಾದಿಯಾದನು ಎಂದು ವಿಮರ್ಶಕರಲ್ಲಿ ಕೆಲವರು ಸಮಾಧಾನ ಹೇಳುತ್ತಾರೆ. ಇದು ಸುಲಭವಾದ ಸಮಾಧಾನ, ಆದರೆ ಪೂರ್ಣವಾದುದಲ್ಲ. ಎರಡು ಪಂಚಾಯಿತಿಗಳನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಮೂರು ಭೇದಗಳು ಕಾಣುತ್ತವೆ.

ಮೊದಲನೆಯದು, ಪಂಚರನ್ನು ಆರಿಸಿದವರ ವಿಷಯ. ಅಲಗೂವನ್ನು ಆರಿಸಿದವಳು ನೊಂದ ಮುದುಕಿ; ಜುಮ್ಮನನನ್ನು ಆರಿಸಿದವನು ಎದುರು ಕಕ್ಷಿಯವನು. ಬೇಲಾರಿಯ ಪಂಚರನ್ನು ಹೋರಿಯಾಗಲಿ ಧನಿಯಾಳಾಗಲಿ ಆರಿಸಲಿಲ್ಲ. ಹಣವೂ ಅಧಿಕಾರವೂ ಆರಿಸಿದುವು. ಎರಡನೆಯದು, ತೀರ್ಪಿನಿಂದ ತೀರ್ಪುಗಾರನಿಗೆ ಬಂದ ಫಲ. ಅಲಗೂವಿಗೆ ಸ್ನೇಹವು ನಷ್ಟ. ಜುಮ್ಮನನಿಗೆ ಹಗೆ ತೀರಿಸುವ ಸುಖವು ನಷ್ಟ. ಬೇಲಾರಿಯ ಪಂಚರಿಗೆ ಲಾಭ. ಕಳೆದುಕೊಂಡು ಕೊಟ್ಟ ತೀರ್ಪಿಗೂ ಗಳಿಸಿಕೊಂಡು ಕೊಟ್ಟ ತೀರ್ಪಿಗೂ ಒಂದೇ ತೂಕವಿರದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪ್ರಶ್ನೆಗೆ ದೊರೆತ ಮನ್ನಣೆ. ಮುದುಕಿಯ ಪ್ರಶ್ನೆಯನ್ನು ಅಲಗೂ ಎದೆಯಲ್ಲಿ ಹೊತ್ತು ಆಸನದ ಮೇಲೆ ಕುಳಿತನು. ಧನಿಯಾಳ ಪ್ರಶ್ನೆಯನ್ನು ಪಂಚರು ಹೆಂಗಸಿನ ಬಾಯಿಬಡುಕತನವೆಂದು ತಳ್ಳಿಹಾಕಿದರು.

ಆದುದರಿಂದ ಪರಮೇಶ್ವರನು ಆಸನದಲ್ಲಿಯೂ ಇಲ್ಲ, ಕುಳಿತವನ ಕುಲಶೀಲಗಳಲ್ಲಿಯೂ ಇಲ್ಲ. ದುರ್ಬಲನು ಪ್ರಶ್ನೆ ಕೇಳಬಲ್ಲನೆ, ಪ್ರಬಲನು ಅದಕ್ಕೆ ಕಿವಿಗೊಡಬಲ್ಲನೆ ಎಂಬಲ್ಲಿ ಅವನಿದ್ದಾನೆ. ಎರಡು ಕೃತಿಗಳೂ ಈ ಒಂದೇ ಸತ್ಯವನ್ನು ಎರಡು ದಿಕ್ಕಿನಿಂದ ತೋರಿಸುತ್ತವೆ. ಬತ್ತೀಸ ಪುತ್ತಳಿಯ ಕಥೆಯ ಮರ್ಮವೂ ಇದೇ. ಆ ಸಿಂಹಾಸನದ ಹಿರಿಮೆಯು ಅದರ ರತ್ನಗಳಲ್ಲಿರಲಿಲ್ಲ. ಭೋಜರಾಜನು ಏರಹೋದಾಗಲೆಲ್ಲ, ನಿನಗೆ ವಿಕ್ರಮನ ಗುಣವಿದೆಯೇ ಎಂದು ತಡೆದು ಕೇಳುವ ಮೂವತ್ತೆರಡು ಬಾಯಿಗಳು ಅದಕ್ಕಿದ್ದುವು. ಕೇಳುವ ಬೊಂಬೆಗಳನ್ನು ಕಿತ್ತೆಸೆದರೆ ಉಳಿಯುವುದು ಬರಿಯ ಚಿನ್ನದ ಕುರ್ಚಿ.

ಕುರುಸಭೆಯಲ್ಲಿ ದ್ರೌಪದಿಯು ಕೇಳಿದುದೂ ಒಂದು ಪ್ರಶ್ನೆಯನ್ನೇ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಅಧಿಕಾರವೆಲ್ಲಿಯದೆಂದು ಅವಳು ಕೇಳಿದಳು. ಧರ್ಮದ ಗತಿಯು ಸೂಕ್ಷ್ಮವೆಂದು ಭೀಷ್ಮನು ಜಾರಿಕೊಂಡನು. ಆಗ ವಿದುರನು ಸಭೆಗೆ ಪ್ರಹ್ಲಾದನ ವೃತ್ತಾಂತವನ್ನು ನೆನಪಿಸಿದನು. ತನ್ನ ಮಗ ವಿರೋಚನನಿಗೂ ಸುಧನ್ವನೆಂಬ ಬ್ರಾಹ್ಮಣನಿಗೂ ಪ್ರಾಣವನ್ನೇ ಪಣವಾಗಿಟ್ಟ ವಿವಾದವು ಬಂದಾಗ, ಪ್ರಹ್ಲಾದನು ಮಗನ ವಿರುದ್ಧವಾಗಿ ತೀರ್ಪಿತ್ತನು. ಸುಧನ್ವನು ಅದಕ್ಕೆ ಮೆಚ್ಚಿ ಮಗನ ಪ್ರಾಣವನ್ನು ಹಿಂದಿರುಗಿಸಿದನು. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧವು ಮುಖ್ಯನಿಗೂ, ಕಾಲುಭಾಗವು ಮಾಡಿದವನಿಗೂ, ಉಳಿದ ಕಾಲುಭಾಗವು ಸುಮ್ಮನೆ ಕುಳಿತವರಿಗೂ ಸೇರುವುದೆಂಬುದು ಆ ವೃತ್ತಾಂತದಲ್ಲಿ ಬರುವ ಲೆಕ್ಕ. ಮಾಡಿದವನ ಪಾಲೂ ನೋಡುತ್ತ ಕುಳಿತವರ ಪಾಲೂ ಸಮವೆಂಬುದನ್ನು ಗಮನಿಸಬೇಕು. ಅಕ್ಷರ ಕಲಿಯದ ಧನಿಯಾಳಿಗೆ ಭಾರತದ ಕಥೆಯ ಈ ಲೆಕ್ಕ ಗೊತ್ತಿತ್ತೋ ಇಲ್ಲವೋ, ಅವಳು ನಿಂತದ್ದು ದ್ರೌಪದಿ ನಿಂತ ಸ್ಥಳದಲ್ಲಿ.

ಇಲ್ಲಿ ಒಂದು ಕಠಿನವಾದ ಸಂದೇಹವು ಉಳಿಯುತ್ತದೆ. ಹೋರಿಯು ಪ್ರತಿಭಟಿಸದೆ ಧಾನ್ಯವನ್ನು ಹೊತ್ತು ಹಾಕಿದನಲ್ಲ. ಅವನ ಈ ವಿಧೇಯತೆಯು ಗುಣವೋ ದೋಷವೋ? ಅನ್ಯಾಯಕ್ಕೆ ಬಾಗಿದವನು ಅನ್ಯಾಯವನ್ನು ಬೆಳೆಸಿದಂತಾಗಲಿಲ್ಲವೇ? ಆಯಿತೆಂದು ಹೇಳುವುದು ಸುಲಭ; ಹೊಟ್ಟೆ ತುಂಬಿದವರಿಗೆ ಇನ್ನೂ ಸುಲಭ. ಕುಲದಿಂದ ಹೊರಗಾದ ರೈತನಿಗೆ ಬಿತ್ತನೆಗೆ ಆಳು ಬಾರದು, ಹೆಣ್ಣುಮಕ್ಕಳಿಗೆ ಗಂಡು ಸಿಕ್ಕದು, ಸತ್ತರೆ ಹೆಗಲು ಕೊಡುವವರಿಲ್ಲ. ಬಹಿಷ್ಕಾರದ ಆ ಭಯವನ್ನು ಬಲ್ಲವರು ಹೋರಿಯನ್ನು ಹೇಡಿಯೆನ್ನಲಾರರು. ಆದರೂ ಅವನ ಶ್ರದ್ಧೆಯೇ ಅವನ ಕೊರಳಿನ ಹಗ್ಗವಾಯಿತೆಂಬುದನ್ನು ಪ್ರೇಮಚಂದರು ಮರೆಮಾಚುವುದಿಲ್ಲ. ಶ್ರದ್ಧೆಯನ್ನು ಪಡೆದವನು ಅದಕ್ಕೆ ಯೋಗ್ಯನಾಗಿರಬೇಕಾದ ಭಾರವು ಕೊಟ್ಟವನ ಮೇಲಲ್ಲ, ಪಡೆದವನ ಮೇಲೆ. ಭಕ್ತನು ವಂಚಿತನಾದರೆ ದೋಷವು ವಂಚಿಸಿದವನದು.

ಮತ್ತೊಂದು ಸಂಗತಿ ಉಂಟು. ಆ ಕಾದಂಬರಿಯಲ್ಲಿ ನಿಜವಾದ ಪಂಚಾಯಿತಿಯು ನಡೆದುದು ಹೋರಿಯ ಗುಡಿಸಲಿನಲ್ಲಿ, ನಡುರಾತ್ರಿಯಲ್ಲಿ. ಆಸನವಿಲ್ಲ, ಸಭೆಯಿಲ್ಲ. ಕಾಲಿಗೆ ಬಿದ್ದ ಹುಡುಗಿಯ ಕಣ್ಣೀರು ಪ್ರಶ್ನೆಯಾಯಿತು. ಗಂಡಹೆಂಡಿರ ಅಭಯವು ತೀರ್ಪಾಯಿತು. ಅದರಿಂದ ಅವರಿಗಾದುದು ನಷ್ಟವೇ. ಅಲಗೂ ಜುಮ್ಮನರ ನ್ಯಾಯದ ಮೂರು ಲಕ್ಷಣಗಳೂ ಅಲ್ಲಿ ಇದ್ದುವು: ನೊಂದವಳೇ ಅವರನ್ನು ಆರಿಸಿ ಬಂದಿದ್ದಳು, ತೀರ್ಪುಗಾರರು ಕಳೆದುಕೊಂಡರು, ಪ್ರಶ್ನೆಯು ಕಿವಿಯನ್ನು ಮುಟ್ಟಿತು. ಪಂಚರಲ್ಲಿ ಪರಮೇಶ್ವರನನ್ನು ಕಾಣುತ್ತಿದ್ದ ಹೋರಿಗೆ, ಆ ರಾತ್ರಿ ಅವನು ತನ್ನ ಗುಡಿಸಲಿಗೇ ಬಂದು ಹೋದುದು ತಿಳಿಯಲೇ ಇಲ್ಲ.

ಓಡಿಹೋದ ಗೋಬರನು ಲಖನೌ ಪಟ್ಟಣವನ್ನು ಸೇರಿ, ಮುಂದೆ ಸಕ್ಕರೆಯ ಕಾರ್ಖಾನೆಯಲ್ಲಿ ಕೂಲಿಯಾದನು. ಮುಷ್ಕರದಲ್ಲಿ ಪೆಟ್ಟು ತಿಂದನು. ಅಂಥ ಗೋಬರರು ಇಂದು ಲಖನೌವಿನಲ್ಲಿಯೇ ನಿಲ್ಲುವುದಿಲ್ಲ. ಉತ್ತರ ಪ್ರದೇಶ, ಬಿಹಾರಗಳ ಹಳ್ಳಿಗಳಿಂದ ಹೊರಟ ತರುಣರು ಪೀಣ್ಯ, ದಾಸನಪುರ, ಮಾದನಾಯಕನಹಳ್ಳಿಗಳ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ತಗಡಿನ ಮನೆಗಳಲ್ಲಿ ನಾಲ್ಕಾರು ಮಂದಿ ಕೂಡಿ ಬಾಡಿಗೆಗಿರುತ್ತಾರೆ. ಹೊಲವಿದ್ದೆಡೆ ಬಾಡಿಗೆಯ ಮನೆಗಳನ್ನು ಕಟ್ಟಿದ ಊರಿನವರು ಮನೆಯೊಡೆಯರಾಗಿದ್ದಾರೆ. ಹಿಂದೆ ಅರಳಿಕಟ್ಟೆಗೆ ಬರುತ್ತಿದ್ದ ವ್ಯಾಜ್ಯಗಳು ಇಂದು ಬಾಡಿಗೆಯ ಮುಂಗಡ, ತಡೆಹಿಡಿದ ಕೂಲಿ, ಗುತ್ತಿಗೆದಾರನ ಲೆಕ್ಕ ಎಂಬ ರೂಪಗಳನ್ನು ತಾಳಿವೆ. ಆಸನಗಳು ಬೇರೆಯಾಗಿವೆ: ಮೇಸ್ತ್ರಿಯ ಮೇಜು, ಮಾಲಿಕನ ಕುರ್ಚಿ, ಮನೆಯೊಡೆಯನ ಜಗಲಿ. ಅವುಗಳ ಮುಂದೆ ನಿಂತ ಹುಡುಗನಿಗೆ ಕನ್ನಡವು ಬಾರದು. ಕುಳಿತವನಿಗೆ ಅವನ ಭೋಜಪುರಿ ತಿಳಿಯದು. ಭಾಷೆಯು ಅಡ್ಡವಾದಾಗ ಪ್ರಶ್ನೆಯು ಕೇಳಿಸಲಿಲ್ಲವೆನ್ನುವುದು ಬಹಳ ಅನುಕೂಲವಾದ ಕಿವುಡು. ಮುದುಕಿಯ ದಾನಪತ್ರವೂ ಪರದೇಶದ ಹುಡುಗನ ಕೂಲಿಯೂ ಒಂದೇ ಬೀದಿಯಲ್ಲಿ ವಿಚಾರಕ್ಕೆ ಬರುವ ಇಂಥ ಊರಿನಲ್ಲಿ, ಪ್ರೇಮಚಂದರ ಎರಡು ಕಥೆಗಳೂ ಒಟ್ಟಿಗೆ ನಡೆಯುತ್ತಿವೆಯೆಂದರೆ ತಪ್ಪಾಗದು. ಯಾವುದು ಯಾವ ಜಗಲಿಯಲ್ಲಿ ಮುಗಿಯಬೇಕೆಂಬುದು ಆ ಜಗಲಿಯ ಮೇಲೆ ಕುಳಿತವರ ಕೈಯಲ್ಲಿದೆ.

‘ಗೋದಾನ’ವು ಪ್ರಕಟವಾದ ವರ್ಷವೇ, 1936ರ ಅಕ್ಟೋಬರ್ 8ರಂದು, ಪ್ರೇಮಚಂದರು ಕಾಶಿಯಲ್ಲಿ ದೇಹವನ್ನು ಬಿಟ್ಟರು. ಅವರ ಹೋರಿಯೂ ಆ ಗ್ರಂಥದ ಕೊನೆಯಲ್ಲಿ ಕೂಲಿಯ ದುಡಿತದಿಂದ ಬಳಲಿ ಬಿದ್ದನು. ಸಾಯುವವನ ಕೈಯಿಂದ ಗೋದಾನ ಮಾಡಿಸಿರೆಂದು ಸುತ್ತಲಿನವರು ಹೇಳಿದರು. ಮನೆಯಲ್ಲಿ ಹಸುವಿಲ್ಲ, ಕರುವಿಲ್ಲ. ಧನಿಯಾ ಯಂತ್ರದಂತೆ ಎದ್ದು, ಆ ದಿನ ಹುರಿ ಮಾರಿ ಬಂದಿದ್ದ ಇಪ್ಪತ್ತು ಆಣೆಗಳನ್ನು ತಂದು ಗಂಡನ ತಣ್ಣಗಾದ ಕೈಯಲ್ಲಿಟ್ಟು, ಇದೇ ಇವರ ಗೋದಾನವೆಂದು ಎದುರಿಗಿದ್ದ ಪುರೋಹಿತನಿಗೆ ಹೇಳಿ ಮೂರ್ಛೆಹೋದಳು. ಆ ಪುರೋಹಿತನು ದಾತಾದೀನನೇ. ಅಂದು ಪಂಚರ ಸಾಲಿನಲ್ಲಿ ಕುಳಿತು 100 ರೂಪಾಯಿ ದಂಡ ಹಾಕಿದವನೇ. ಅವನು ಏನು ಉತ್ತರ ಕೊಟ್ಟನೆಂದು ಪ್ರೇಮಚಂದರು ಬರೆಯಲಿಲ್ಲ. ಕಥೆಯು ಅಲ್ಲಿಗೆ ಮುಗಿಯಿತು. ಧನಿಯಾಳ ಪ್ರಶ್ನೆಯು ಮುಗಿಯಲಿಲ್ಲ.